ಸಾಬೂನಿನಲ್ಲಿ ಬರೆದ ತೀರ್ಪು

ನನ್ನ ಭಾವ ಸಿನಿಮಾ ನೋಡುವುದಿಲ್ಲ. ಆದರೂ ನಮ್ಮ ಬೀದಿಯಲ್ಲಿ ಯಾವ ಸಿನಿಮಾಗೆ ಹೋಗಬೇಕು, ಯಾವುದಕ್ಕೆ ಬೆನ್ನು ತಿರುಗಿಸಬೇಕು ಎಂದು ತೀರ್ಮಾನಿಸುವವರು ಅವರೇ. ಇದನ್ನು ಕೇಳಿದ ಹೊಸಬರು ನಗುತ್ತಾರೆ. ನಗಲಿ. ನಾನು ಅವರ ಹೆಂಡತಿಯ ತಮ್ಮ, ಪಕ್ಕದ ಅಂಗಡಿಯಲ್ಲಿ ಕನ್ನಡಕ ರಿಪೇರಿ ಮಾಡಿಕೊಂಡು ಕೂತವನು. ನನಗೂ ಮೊದಮೊದಲು ನಗುವೇ ಬರುತ್ತಿತ್ತು, ಈಗ ಅಭ್ಯಾಸವಾಗಿದೆ.

ಭಾವನದು ಸಲೂನ್. ಚಿತ್ರಮಂದಿರದಿಂದ ಹೊರಗೆ ಬಂದವರಿಗೆ ಮೊದಲು ಕಾಣುವುದೇ ಅದು. ತಿರುಗಿಸಿದರೆ ಕಿರುಗುಡುವ ಕುರ್ಚಿಗಳು, ಗೋಡೆಯ ಉದ್ದಕ್ಕೂ ಕನ್ನಡಿ, ಹಿಂದೆ ಕಾಯುವವರಿಗೊಂದು ಬೆಂಚು. ಆಟ ಬಿಟ್ಟ ಕೂಡಲೇ ಒಂದಷ್ಟು ಜನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನೇರವಾಗಿ ಇಲ್ಲಿಗೆ ಬಂದು ಕೂರುತ್ತಾರೆ. ಭಾವ ಅವರ ಕುತ್ತಿಗೆಗೆ ಬಟ್ಟೆ ಕಟ್ಟಿ, ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ತಂದ ಮೇಲೆ ಕೇಳುತ್ತಾರೆ: "ಹೇಗಿತ್ತು?"

ಗಂಟಲ ಮೇಲೆ ಕತ್ತಿ ಇರುವಾಗ ಯಾರೂ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ನನ್ನನ್ನು ಕೇಳಿದರೆ, ಗಂಟಲ ಮೇಲೆ ಕತ್ತಿ ಇರುವಾಗ ಯಾರೂ ಬಾಯಿಯನ್ನೇ ತೆರೆಯಬಾರದು. ಆದರೆ ಸಿನಿಮಾ ವಿಷಯ ಬಂದರೆ ಜನ ಜೀವದ ಆಸೆ ಬಿಟ್ಟಾದರೂ ಮಾತಾಡುತ್ತಾರೆ.

ಶುಕ್ರವಾರ ಹೊಸ ಸಿನಿಮಾ ಬರುತ್ತದೆ. ಶನಿವಾರ ಸಂಜೆಯ ಹೊತ್ತಿಗೆ ಭಾವನ ಕಿವಿಗೆ ಸಾಕಷ್ಟು ಅಭಿಪ್ರಾಯ ಬಿದ್ದಿರುತ್ತದೆ. ಆಗ ಒಂದು ಸವೆದ ಸಾಬೂನಿನ ತುಂಡು ತೆಗೆದು, ಕನ್ನಡಿಯ ಮೇಲ್ಭಾಗದಲ್ಲಿ ತೀರ್ಪು ಬರೆಯುತ್ತಾರೆ. 'ನೋಡಿ.' 'ಬೇಡ.' 'ಇಂಟರ್ವಲ್‌ವರೆಗೆ.' ಇಷ್ಟೇ, ಹೆಚ್ಚಿಗೆ ಒಂದಕ್ಷರ ಇಲ್ಲ. ದಾರಿಯಲ್ಲಿ ಹೋಗುವವರು ಬಾಗಿಲಲ್ಲಿ ಕತ್ತು ಚಾಚಿ ಓದಿಕೊಂಡು, ಒಂದೋ ಟಿಕೆಟ್ ಸಾಲಿಗೆ ಹೋಗುತ್ತಾರೆ, ಇಲ್ಲವೇ ಮನೆಗೆ ಹೋಗುತ್ತಾರೆ. ಚಿತ್ರಮಂದಿರದ ಮ್ಯಾನೇಜರ್ ಭಾವನ ಹತ್ತಿರವೇ ಕೂದಲು ಕತ್ತರಿಸಿಕೊಳ್ಳುತ್ತಾನೆ, ಆದರೆ 'ಬೇಡ' ಎಂದು ಬರೆದ ವಾರ ಮಾತ್ರ ಮುಖ ಊದಿಸಿಕೊಂಡು ಬೇರೆ ಬೀದಿಗೆ ಹೋಗುತ್ತಾನೆ.

"ನೀವೇ ಒಂದು ಸಲ ನೋಡಿ ಬರೀಬಾರದಾ?" ಎಂದು ಕೇಳಿದ್ದೆ.

"ನೋಡಿಬಿಟ್ರೆ ನನಗೂ ಒಂದು ಅಭಿಪ್ರಾಯ ಬಂದುಬಿಡುತ್ತೆ. ಆಮೇಲೆ ಬೇರೆಯವರ ಮಾತು ಕಿವಿಗೆ ಬೀಳಲ್ಲ," ಎಂದರು.

ಇತ್ತೀಚೆಗೆ ಬರುವುದೆಲ್ಲ ಭರ್ಜರಿ ಸಿನಿಮಾಗಳೇ. ಗಾಳಿಯಲ್ಲಿ ತೇಲುವ ದ್ವೀಪ, ಮಾತಾಡುವ ಕತ್ತಿ, ಮರಳಿನ ಕೆಳಗೆ ಹೂತುಹೋದ ಪಟ್ಟಣ, ಅದರೊಳಗೆ ನಿಧಿ, ನಿಧಿಗೊಂದು ಶಾಪ. ನನಗೆ ಇವು ಎಳ್ಳಷ್ಟೂ ಹಿಡಿಸುವುದಿಲ್ಲ. ತೆರೆಯ ಮೇಲೆ ಬೆಕ್ಕು ಮಾತಾಡಿದರೆ ಎದ್ದು ಬರುವ ಜಾತಿ ನನ್ನದು. ಆದರೆ ಜನ ಮುಗಿಬಿದ್ದು ನೋಡುತ್ತಾರೆ, ನೋಡಿ ಬಂದು ಬೆಂಚಿನ ಮೇಲೆ ಕೂತು ಕಾಲು ಕೆರೆದುಕೊಂಡು ಜಗಳವಾಡುತ್ತಾರೆ. ಅದರಲ್ಲಿ ಬಸ್ ಡ್ರೈವರ್ ಮತ್ತು ನಿವೃತ್ತ ಮೇಷ್ಟ್ರದು ದೊಡ್ಡ ಬಾಯಿ. ಡ್ರೈವರ್‌ಗೆ ಎಲ್ಲವೂ ಇಷ್ಟ. ರಥ ಕಡಿದಾದ ತಿರುವಿನಲ್ಲಿ ವೇಗ ತಗ್ಗಿಸದೆ ಹೋದರೆ ಸಾಕು, ಕುರ್ಚಿಯಲ್ಲೇ ಕುಣಿಯುತ್ತಾನೆ. ಮೇಷ್ಟ್ರಿಗೆ ಯಾವುದೂ ಇಷ್ಟವಿಲ್ಲ.

"ಅಲ್ಲಯ್ಯ, ಅಷ್ಟು ಹೊತ್ತು ಕೂರಿಸಿ, ಕೊನೆಗೆ ಉಳಿದದ್ದು ಮುಂದಿನ ಭಾಗದಲ್ಲಿ ಅಂದ್ರೆ? ನಾನು ಮುಂದಿನ ಭಾಗದವರೆಗೆ ಇರ್ತೀನಿ ಅಂತ ಅವರಿಗೆ ಯಾರು ಹೇಳಿದ್ದು?"

"ನಿಮಗೆ ಕಥೆ ಬೇಕು ಸಾರ್, ನನಗೆ ಹಾರೋದು ಬೇಕು. ದಿನವಿಡೀ ಟ್ರಾಫಿಕ್‌ನಲ್ಲಿ ನಿಂತವನಿಗೆ ಯಾರಾದ್ರೂ ಹಾರಿದ್ರೆ ಹೊಟ್ಟೆ ತಣ್ಣಗಾಗುತ್ತೆ."

ಭಾವ ಎರಡನ್ನೂ ಕೇಳಿಸಿಕೊಂಡು, ಡ್ರೈವರ್ ಹೇಳಿದ್ದರಲ್ಲಿ ಅರ್ಧ ಕಳೆದು, ಮೇಷ್ಟ್ರ ಬೈಗುಳದ ಬಿಸಿ ಎಷ್ಟೆಂದು ಅಂದಾಜು ಮಾಡಿ ತೀರ್ಪು ಕೊಡುತ್ತಾರೆ. ಮೇಷ್ಟ್ರು ಜೋರಾಗಿ ಬೈದರೆ ಸಿನಿಮಾ ಪರವಾಗಿಲ್ಲ. ನಿಟ್ಟುಸಿರು ಬಿಟ್ಟು ಸುಮ್ಮನಾದರೆ ಅದು ಮುಗಿದ ಹಾಗೆ.

ಈ ನಿಷ್ಪಕ್ಷಪಾತತನವೇ ಒಮ್ಮೆ ಮನೆಯ ನೆಮ್ಮದಿಗೆ ಕಲ್ಲು ಹಾಕಿತು. ಅಕ್ಕ-ಭಾವನಿಗೆ ಒಬ್ಬಳೇ ಮಗಳು. ಸ್ಟುಡಿಯೋಗಳಿರುವ ನಗರದಲ್ಲಿ ಡಬ್ಬಿಂಗ್ ಕೆಲಸ ಮಾಡುತ್ತಾಳೆ, ಅಂದರೆ ಹೊರಗಿನ ಭಾಷೆಯ ಸಿನಿಮಾಗಳು ನಮ್ಮ ಭಾಷೆಗೆ ಬರುವಾಗ ತೆರೆಯ ಮೇಲಿನವರ ಬಾಯಿಗೆ ಮಾತು ಕೊಡುವ ಕೆಲಸ. ಬಹಳ ಕಾಲ ಸಂತೆಯ ಗದ್ದಲ, ಯುದ್ಧದಲ್ಲಿ ಓಡುವ ಹೆಂಗಸರ ಕಿರುಚಾಟ, ಇಂಥವನ್ನೇ ಗುಂಪಿನಲ್ಲಿ ನಿಂತು ಕೂಗುತ್ತಿದ್ದಳು. ಕೊನೆಗೆ ಒಂದು ನಿಧಿ ಹುಡುಕುವ ಸಿನಿಮಾದಲ್ಲಿ ನಾಯಕಿಯ ಗೆಳತಿಗೆ ಧ್ವನಿ ಕೊಡುವ ಅವಕಾಶ ಸಿಕ್ಕಿತು. ಆ ವಾರ ಭಾವನ ಕುರ್ಚಿಯಲ್ಲಿ ಕೂತವರೆಲ್ಲ ಒಂದೇ ರಾಗ: ಸಿನಿಮಾ ಡಬ್ಬಾ, ಆ ಗೆಳತಿಯ ಧ್ವನಿಯಂತೂ ಕಿವಿಯಲ್ಲಿ ಸೊಳ್ಳೆ ಹೊಕ್ಕ ಹಾಗೆ. ಹಾಗೆ ಹೇಳಿದವರಿಗೆ ಧ್ವನಿ ಯಾರದೆಂದು ಗೊತ್ತಿರಲಿಲ್ಲ. ಭಾವನಿಗೆ ಗೊತ್ತಿತ್ತು. ಆದರೂ ಶನಿವಾರ ಸಂಜೆ ಸಾಬೂನು ತೆಗೆದು ದೊಡ್ಡದಾಗಿ 'ಬೇಡ' ಎಂದು ಬರೆದರು.

ಮರುದಿನ ಮಗಳು ಊರಿಗೆ ಬಂದಳು. ಸಲೂನಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು ಕನ್ನಡಿ ಓದಿದಳು. ಮನೆಗೆ ಹೋಗಿ ಊಟ ಮಾಡಿದಳು, ನನ್ನ ಜೊತೆ ನಗುನಗುತ್ತಾ ಹರಟೆ ಹೊಡೆದಳು, ಹೊರಟುಹೋದಳು. ಅಂದಿನಿಂದ ಯಾವ ಸಿನಿಮಾದಲ್ಲಿ ಯಾವ ಪಾತ್ರಕ್ಕೆ ಮಾತಾಡಿದ್ದೇನೆ ಎಂದು ಅಪ್ಪನಿಗೆ ಹೇಳುವುದನ್ನು ಬಿಟ್ಟುಬಿಟ್ಟಳು. ಭಾವ ನ್ಯಾಯವಾಗಿಯೇ ನಡೆದುಕೊಂಡಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೆ ಅಷ್ಟು ದೊಡ್ಡ ಅಕ್ಷರ ಬೇಕಿರಲಿಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಹೀಗಿರುವಾಗ ಮೊನ್ನೆ ಆ ಡ್ರ್ಯಾಗನ್ ಸಿನಿಮಾ ಬಂತು. ಬಿಡುಗಡೆಯ ಹಿಂದಿನ ದಿನ ಮಗಳ ಫೋನು. ಭಾವನ ಕೈ ಸದಾ ಒದ್ದೆ, ಹಾಗಾಗಿ ಫೋನನ್ನು ಪೌಡರ್ ಡಬ್ಬಿಗೆ ಒರಗಿಸಿ ಸ್ಪೀಕರ್ ಹಾಕುವುದು ವಾಡಿಕೆ. ಅವರ ಮನೆಯ ವಿಷಯವೆಲ್ಲ ಬೆಂಚಿನವರಿಗೆ ಬಾಯಿಪಾಠ.

"ಅಪ್ಪಾ, ಇದರಲ್ಲಿ ನನಗೆ ದೊಡ್ಡ ಪಾತ್ರ ಇದೆ."

"ಹೌದಾ? ಯಾವುದು?"

"ಹೇಳಲ್ಲ. ನೀನೇ ಕಂಡುಹಿಡಿ. ಈ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ ಬರ್ತೀನಿ, ಆಗ ಕೇಳ್ತೀನಿ. ಸ್ವಂತ ಮಗಳ ಧ್ವನಿ ಅಪ್ಪನಿಗೆ ಗೊತ್ತಾಗದೆ ಹೋದ್ರೆ ಈ ಕೆಲಸ ಇದ್ದೂ ಏನು ಪ್ರಯೋಜನ, ಹೇಳು?"

ನಗುತ್ತಲೇ ಹೇಳಿದಳು. ಆದರೆ ಕೊನೆಯ ಮಾತಿನಲ್ಲಿ ನಗು ಇರಲಿಲ್ಲ.

ಯಾರೇ ಆದರೂ ಟಿಕೆಟ್ ತೆಗೆದುಕೊಂಡು ರಸ್ತೆ ದಾಟುತ್ತಿದ್ದರು. ನಮ್ಮ ಭಾವ ದಾಟಲಿಲ್ಲ. ಇಷ್ಟು ಕಾಲ ನಡೆಸಿಕೊಂಡು ಬಂದ ಪದ್ಧತಿ ಬಿಡುವುದುಂಟೇ? ಗಿರಾಕಿಗಳ ಬಾಯಿಂದಲೇ ಹೊರಡಿಸುತ್ತೇನೆ ಎಂದು ಹೊರಟರು. ನೇರವಾಗಿ ಕೇಳಲು ಬಿಗುಮಾನ, ಅದಕ್ಕೇ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ವಿಚಾರಣೆ.

"ಸಿನಿಮಾ ಹೇಗಾದ್ರೂ ಇರಲಿ, ಧ್ವನಿಗಳು ಹೇಗಿವೆ? ಹೆಣ್ಣು ಪಾತ್ರ ಯಾವ್ಯಾವುದಿದೆ?"

"ರಾಜಕುಮಾರಿ ಒಬ್ಬಳು. ಆಮೇಲೆ ಮಲತಾಯಿ ರಾಣಿ," ಎಂದ ಡ್ರೈವರ್, ನೊರೆಯೊಳಗಿಂದ. "ಆದ್ರೆ ಡ್ರ್ಯಾಗನ್ ಇದೆಯಲ್ಲ, ಅಬ್ಬಾ! ಗುಹೆಯೊಳಗಿನ ಮುದಿ ಡ್ರ್ಯಾಗನ್, ಒಂದು ಕಣ್ಣಿಲ್ಲ, ಯಾವಾಗಲೂ ಗೊಣಗ್ತಾ ಇರುತ್ತೆ..."

"ಪ್ರಾಣಿ ವಿಷಯ ಬಿಡಿ. ರಾಜಕುಮಾರಿ ಧ್ವನಿ?"

"ಚೆನ್ನಾಗಿದೆ. ಜೇನು ಸುರಿದ ಹಾಗೆ."

"ಜೇನಲ್ಲ, ಸಕ್ಕರೆ ಪಾಕ," ಎಂದರು ಮೇಷ್ಟ್ರು ಬೆಂಚಿನಿಂದ. "ಅಪ್ಪನ ತಲೆ ಉರುಳಿದೆ, ಇವಳು ಅಂಗಡಿಯಲ್ಲಿ ಸೀರೆ ಕೇಳೋ ಹಾಗೆ ಅಳ್ತಾಳೆ. ಇಡೀ ಸಿನಿಮಾದಲ್ಲಿ ಮನುಷ್ಯರ ಹಾಗೆ ಮಾತಾಡೋದು ಆ ಡ್ರ್ಯಾಗನ್ ಒಂದೇ."

ಭಾವ ಮೇಷ್ಟ್ರನ್ನು ದುರುಗುಟ್ಟಿ ನೋಡಿದರು. ಅವರ ಲೆಕ್ಕದಲ್ಲಿ ಅಷ್ಟರಲ್ಲಾಗಲೇ ರಾಜಕುಮಾರಿ ಎಂದರೆ ಮಗಳೇ. ಒಬ್ಬಳೇ ಮಗಳನ್ನು ಸಾಕಿದ ಯಾವ ಅಪ್ಪ ತಾನೇ ಅವಳನ್ನು ಬೇರೆ ಪಾತ್ರದಲ್ಲಿ ಹುಡುಕುತ್ತಾನೆ? ಆಮೇಲೆ ಬಂದವರೆಲ್ಲರ ಹತ್ತಿರವೂ ರಾಜಕುಮಾರಿಯನ್ನೇ ಕೆದಕಿದರು. ಹೊಗಳಿದವರಿಗೆ ಗಲ್ಲಕ್ಕೆ ಎರಡೆರಡು ಸಲ ಪೌಡರ್. ತೆಗಳಿದವರಿಗೆ ಬಿಸಿನೀರಿಲ್ಲ. ನಾನು ನನ್ನ ಅಂಗಡಿಯಿಂದ ಇದನ್ನೆಲ್ಲ ನೋಡುತ್ತಾ, ಊರಿಗೆಲ್ಲ ನ್ಯಾಯ ಹೇಳುವ ಮನುಷ್ಯ ಹೀಗೆ ಹಳಿ ತಪ್ಪಬಹುದೇ ಎಂದು ಒಳಗೊಳಗೇ ನಕ್ಕೆ.

ಆ ಶನಿವಾರ ಇನ್ನೊಂದು ರಗಳೆಯಾಯಿತು. ಒಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಕತ್ತರಿ ಕಂಡದ್ದೇ ತಡ, ಮಗು ಅಳಲು ಶುರು ಮಾಡಿತು. ಭಾವನಿಗೆ ಇದು ಹೊಸದಲ್ಲ. ಮಕ್ಕಳಿಗೆ ಹೇಳಲೆಂದೇ ಅವರ ಹತ್ತಿರ ಒಂದು ಹಳೆಯ ಸುಳ್ಳಿದೆ. ಕೆಲಸ ಅರ್ಧವೂ ಆಗಿರುವುದಿಲ್ಲ, ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ: "ಹ್ಞೂಂ... ಕೂತ್ಕೋ. ಅಲ್ಲಾಡ್ಬೇಡ. ಆಯ್ತು, ಆಯ್ತು, ಇನ್ನೊಂದೇ ಒಂದು." ಇನ್ನೊಂದೇ ಒಂದು ಎನ್ನುತ್ತಲೇ ಇಡೀ ತಲೆ ಮುಗಿಸುತ್ತಾರೆ.

ಅಂದೂ ಹಾಗೇ ಹೇಳಿದರು. ಮಗು ತಟ್ಟನೆ ಅಳು ನಿಲ್ಲಿಸಿ, ಕನ್ನಡಿಯೊಳಗೆ ಅವರನ್ನೇ ದಿಟ್ಟಿಸಿ, "ಅಮ್ಮಾ, ಡ್ರ್ಯಾಗನ್!" ಎಂದಿತು.

ಬೆಂಚಿನವರು ಬಿದ್ದುಬಿದ್ದು ನಕ್ಕರು. ಡ್ರೈವರ್ ಅಂತೂ ಹೊಟ್ಟೆ ಹಿಡಿದುಕೊಂಡು, "ಹೌದಲ್ಲವೇ! ಅದೇ ಗೊಣಗಾಟ! ನಿಮ್ಮನ್ನ ನೋಡೇ ಮಾಡಿದ್ದಾರೆ!" ಎಂದ. ಭಾವನಿಗೆ ಪಿತ್ತ ನೆತ್ತಿಗೇರಿತು. ವಯಸ್ಸಾದದ್ದಕ್ಕೆ, ಮುಖ ಸುಕ್ಕುಗಟ್ಟಿದ್ದಕ್ಕೆ ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡರು. ಅಂದು ಸಂಜೆ ಕನ್ನಡಿಯ ಮೇಲೆ ಏನನ್ನೂ ಬರೆಯಲಿಲ್ಲ. ಸಲೂನ್ ತೆರೆದಂದಿನಿಂದ ಕನ್ನಡಿ ಖಾಲಿ ಉಳಿದದ್ದು ಅದೇ ಮೊದಲು. ಬಾಗಿಲಲ್ಲಿ ಕತ್ತು ಚಾಚಿದವರು ತಮ್ಮ ಮುಖವನ್ನಷ್ಟೇ ನೋಡಿಕೊಂಡು ವಾಪಸು ಹೋದರು.

ಈ ನಡುವೆ ಅಕ್ಕ ಸದ್ದಿಲ್ಲದೆ ಮ್ಯಾಟಿನಿಗೆ ಹೋಗಿ ಬಂದಿದ್ದಳು. ಬಂದವಳ ಕಣ್ಣು ಕೆಂಪಗಿತ್ತು, ಬಾಯಲ್ಲಿ ಮಾತ್ರ ನಗು. ನಾನು ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ. "ಮಗಳು ಆಣೆ ಹಾಕಿಸಿಕೊಂಡಿದ್ದಾಳೆ, ನೀನು ಸುಮ್ಮನಿರು," ಎಂದಳು. ಗಂಡನಿಗೆ ಮಾತ್ರ ಊಟ ಬಡಿಸುವಾಗ ಒಂದು ಮಾತು ಹೇಳಿದಳಂತೆ: "ನಿಮ್ಮ ಕಿವಿಗೆ ನೀವೇ ಅಡ್ಡ ನಿಂತಿದ್ದೀರಿ." ಭಾವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಹೊಗಳಿಕೆ ಎಂದುಕೊಳ್ಳುವುದು ಅವರ ಹಳೆಯ ಚಾಳಿ.

ಬುಧವಾರ ತಡೆಯಲಾರದೆ ತಾವೇ ಮಗಳಿಗೆ ಫೋನ್ ಮಾಡಿದರು. ಪೌಡರ್ ಡಬ್ಬಿ, ಸ್ಪೀಕರ್, ತುಂಬಿದ ಬೆಂಚು.

"ಸಿಕ್ಕಿಬಿದ್ದೆ ನೋಡು! ರಾಜಕುಮಾರಿ ತಾನೇ? ಎಲ್ಲರೂ ಜೇನು ಸುರಿದ ಹಾಗಿದೆ ಅಂತಿದ್ದಾರೆ. ನನ್ನ ಮಗಳಲ್ಲದೆ ಇನ್ಯಾರು?"



"ಎಲ್ಲರೂ ಅಂತಿದ್ದಾರೆ. ನೀನು ಕೇಳಿದ್ಯಾ?"

"ಕೇಳೋದೇನು, ಗೊತ್ತಾಗಲ್ವಾ?"

"ಸರಿ ಅಪ್ಪಾ."

"ಸರಿ ಅಂದ್ರೆ ನಾನು ಹೇಳಿದ್ದು ಸರಿ ಅಂತ ತಾನೇ?"

"ಸರಿ ಅಂದ್ರೆ ಇಡ್ತೀನಿ ಅಂತ."

"ಭಾನುವಾರ ಬರ್ತೀಯಲ್ಲ?"

"ನೋಡ್ತೀನಿ. ಕೆಲಸ ಜಾಸ್ತಿ ಇದೆ."

ಫೋನ್ ಇಟ್ಟಳು. ಬೆಂಚಿನವರು ಎಲ್ಲರೂ ಒಟ್ಟಿಗೆ ಚಾವಣಿ ನೋಡತೊಡಗಿದರು. ಭಾವ ಕುರ್ಚಿಯಲ್ಲಿದ್ದವರ ಗಲ್ಲಕ್ಕೆ ಮತ್ತೆ ನೊರೆ ಹಚ್ಚಿದರು, ಆಗಲೇ ಬೋಳಿಸಿಯಾಗಿದ್ದ ಗಲ್ಲಕ್ಕೆ. ನನಗೆ ಆಗ ನಗು ಬರಲಿಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದವನು ನಾನು. ಅವಳು 'ನೋಡ್ತೀನಿ' ಅಂದರೆ ಬರುವುದಿಲ್ಲ ಎಂದೇ ಅರ್ಥ.

ಬರಲೂ ಇಲ್ಲ. ಭಾನುವಾರ ಬೆಳಗಿನ ರೈಲಿಗೆ ಅಕ್ಕ ನಿಲ್ದಾಣಕ್ಕೆ ಹೋಗಿದ್ದಳು. ಒಬ್ಬಳೇ ವಾಪಸು ಬಂದು, ಮನೆಗೂ ಹೋಗದೆ, ಚಪ್ಪಲಿ ಸಮೇತ ಸಲೂನಿನೊಳಗೆ ನುಗ್ಗಿದಳು. ವಾರದಲ್ಲೇ ಅತಿ ಹೆಚ್ಚು ಗಿರಾಕಿಗಳಿರುವ ಹೊತ್ತು. ಕುರ್ಚಿಯಲ್ಲಿ ಡ್ರೈವರ್, ಒಂದು ಗಲ್ಲ ಮುಗಿದಿತ್ತು, ಇನ್ನೊಂದರಲ್ಲಿ ನೊರೆ. ಅಕ್ಕ ಒಂದು ಸಿನಿಮಾ ಟಿಕೆಟ್ ತೆಗೆದು ಕತ್ತಿಗಳ ಪಕ್ಕದಲ್ಲಿಟ್ಟಳು.

"ಎದ್ದು ಹೋಗಿ. ಈಗಲೇ."

"ಗಿರಾಕಿಗಳು..."

"ಊರಿನವರ ಕಿವಿಯಲ್ಲಿ ಮಗಳನ್ನ ಕೇಳಿದ್ದು ಸಾಕು. ಸ್ವಂತ ಕಿವಿ ಇದೆಯಲ್ಲ, ತಗೊಂಡು ಹೋಗಿ."

ನಾನು ಅಕ್ಕನ ಆ ಧ್ವನಿಯನ್ನು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಭಾವ ಕತ್ತಿ ಒರೆಸಿ ಕೆಳಗಿಟ್ಟರು. ಅವರನ್ನು ಒಬ್ಬರೇ ಕಳಿಸಲು ಮನಸ್ಸಾಗದೆ ನಾನೂ ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟೆ. ಡ್ರೈವರ್ ಕುತ್ತಿಗೆಯ ಬಟ್ಟೆಯಿಂದಲೇ ನೊರೆ ಒರೆಸಿಕೊಂಡು, "ನಡೀರಿ, ನಾನೂ ಇನ್ನೊಂದ್ಸಲ ನೋಡ್ತೀನಿ. ಅರ್ಧ ಮುಖ ಇಟ್ಕೊಂಡು ಇಲ್ಲಿ ಕೂತು ಏನು ಮಾಡಲಿ?" ಎಂದ.

ಕತ್ತಲಲ್ಲಿ ಭಾವ ಕುರ್ಚಿಯ ತುದಿಯಲ್ಲಿ ಕೂತರು. ತ್ರೀಡಿ ಕನ್ನಡಕ ಅವರ ಮೂಗಿಗೆ ನಿಲ್ಲಲಿಲ್ಲ, ನಾನೇ ಅದರ ಕಾಲು ಬಗ್ಗಿಸಿ ಸರಿಮಾಡಿದೆ. ಸಿನಿಮಾ ನಾನು ಎಣಿಸಿದಷ್ಟು ಕೆಟ್ಟದಾಗಿರಲಿಲ್ಲ, ಆದರೆ ಉದ್ದ, ವಿಪರೀತ ಉದ್ದ. ನಾಯಕ ಕಾಡಿನಲ್ಲಿ ಅಲೆಯುತ್ತಲೇ ಇದ್ದ. "ಇಷ್ಟು ಅಲೆದವನ ಗಡ್ಡ ಯಾರು ಹೀಗೆ ಟ್ರಿಮ್ ಮಾಡಿದ್ದು?" ಎಂದು ಭಾವ ಗೊಣಗಿದರು. ಹಿಂದಿನಿಂದ ಯಾರೋ ಶ್ ಎಂದರು.

ರಾಜಕುಮಾರಿ ಬಂದಳು. ಭಾವ ಮುಂದಕ್ಕೆ ಬಾಗಿದರು. ಅವಳು ಮಾತಾಡಿದಳು, ಅತ್ತಳು, ಮತ್ತೆ ಮಾತಾಡಿದಳು. ಭಾವ ನಿಧಾನಕ್ಕೆ ಹಿಂದಕ್ಕೆ ಒರಗಿ, "ಇವಳಲ್ಲ," ಎಂದರು. ಮಲತಾಯಿ ರಾಣಿ ಬಂದಳು. "ಇವಳೂ ಅಲ್ಲ." ಆಮೇಲೆ ಬಂದ ಮಾಟಗಾತಿಗೂ ತಲೆಯಾಡಿಸಿದರು. ಅವರ ಧ್ವನಿ ಕುಗ್ಗುತ್ತಾ ಹೋಯಿತು. ಸ್ವಂತ ಮಗಳು ಈ ಕತ್ತಲಲ್ಲಿ ಎಲ್ಲೋ ಮಾತಾಡುತ್ತಿದ್ದಾಳೆ, ತನಗೆ ಗುರುತು ಸಿಗುತ್ತಿಲ್ಲ ಎಂಬ ಭಯ ಅವರಿಗೆ. ಪಕ್ಕದಲ್ಲಿದ್ದ ನನಗೇ ಸಂಕಟವಾಯಿತು.

ಇಂಟರ್ವಲ್ ಆದ ಮೇಲೆ ನಾಯಕನ ಭುಜಕ್ಕೆ ಬಾಣ ನಾಟಿ, ಅವನು ತೆವಳಿಕೊಂಡು ಒಂದು ಗುಹೆ ಸೇರಿದ. ಒಳಗೆ ಗುಡ್ಡ ಎಂದುಕೊಂಡದ್ದು ಅಲ್ಲಾಡಿತು. ಮುದಿ ಡ್ರ್ಯಾಗನ್. ಒಂದು ಕಣ್ಣು ತೆರೆದು, ಅವನನ್ನು ಮೇಲಿಂದ ಕೆಳಗೆ ನೋಡಿ, ಬಾಣವನ್ನು ಹಲ್ಲಲ್ಲಿ ಕಚ್ಚುವ ಮೊದಲು ಗಂಟಲು ಸರಿಮಾಡಿಕೊಂಡಿತು.

"ಹ್ಞೂಂ... ಕೂತ್ಕೋ. ಅಲ್ಲಾಡ್ಬೇಡ."

ಭಾವನ ಕೈ ನನ್ನ ಮೊಣಕಾಲನ್ನು ಹಿಡಿಯಿತು.

ನಾಯಕ ನೋವಿಗೆ ಕಿರುಚಿದ. ಡ್ರ್ಯಾಗನ್ ಗೊಣಗಿತು: "ಆಯ್ತು, ಆಯ್ತು, ಇನ್ನೊಂದೇ ಒಂದು." ಆಗಿರಲಿಲ್ಲ, ಇನ್ನೂ ಬಾಣದ ಅರ್ಧ ಒಳಗೇ ಇತ್ತು. ಚಿತ್ರಮಂದಿರದಲ್ಲಿ ಎಲ್ಲರೂ ನಕ್ಕರು. ಧ್ವನಿ ಒರಟು, ವಯಸ್ಸಾದದ್ದು, ಗಂಡೋ ಹೆಣ್ಣೋ ತಿಳಿಯದ್ದು. ಆದರೆ ಮಾತಿನ ಏರಿಳಿತ, ಎಲ್ಲಿ ತಡೆಯುತ್ತದೆ, ಎಲ್ಲಿ ಸುಳ್ಳು ಹೇಳುತ್ತದೆ, ಎಲ್ಲವೂ ಭಾವನದೇ. ಆ ಮಾತನ್ನು ಅಷ್ಟು ಸಲ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡವಳು ಒಬ್ಬಳೇ. ಚಿಕ್ಕಂದಿನಲ್ಲಿ ಅವಳ ಕೂದಲಿಗೆ ಅಪ್ಪನನ್ನು ಬಿಟ್ಟರೆ ಬೇರೆ ಯಾರೂ ಕತ್ತರಿ ತಾಗಿಸಿರಲಿಲ್ಲ.

ನಾನು ತಿರುಗಿ ನೋಡಿದೆ. ಭಾವ ಕನ್ನಡಕ ತೆಗೆದಿದ್ದರು. ಅದಿಲ್ಲದೆ ತೆರೆಯ ಮೇಲೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ, ಆದರೆ ಅವರಿಗೆ ಕಾಣಬೇಕಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸಿನಿಮಾ ಮುಗಿಯುವವರೆಗೂ ಹಾಗೇ ಇದ್ದರು.

ವಾಪಸು ಬಂದಾಗ ಸಲೂನಿನಲ್ಲಿ ಯಾರೂ ಜಾಗ ಬಿಟ್ಟು ಕದಲಿರಲಿಲ್ಲ. ಅಕ್ಕ ಕುರ್ಚಿಯ ಮೇಲೆ ಕೂತಿದ್ದಳು. ಭಾವ ನೇರವಾಗಿ ಫೋನಿನ ಹತ್ತಿರ ಹೋದರು. ಅಂದು ಕೈ ಒಣಗಿತ್ತು, ಆದರೂ ಅಭ್ಯಾಸಬಲದಿಂದ ಪೌಡರ್ ಡಬ್ಬಿಗೆ ಒರಗಿಸಿ ಸ್ಪೀಕರ್ ಹಾಕಿದರು. ತುಂಬಾ ಹೊತ್ತು ರಿಂಗಾಯಿತು.

"ಹಲೋ. ಏನಪ್ಪಾ?"

ಭಾವ ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಹ್ಞೂಂ... ಕೂತ್ಕೋ. ಅಲ್ಲಾಡ್ಬೇಡ."

ನಾವೆಲ್ಲ ಕಾದೆವು. ಆಮೇಲೆ ಆ ಪುಟ್ಟ ಯಂತ್ರದಿಂದ ಗುಹೆಯ ಆ ಒರಟು ಮುದಿ ಧ್ವನಿ, ಮಧ್ಯದಲ್ಲಿ ಒಡೆಯುತ್ತಾ, ಹೊರಬಂತು:

"ಆಯ್ತು, ಆಯ್ತು... ಇನ್ನೊಂದೇ ಒಂದು."

"ಅಯ್ಯೋ, ಡ್ರ್ಯಾಗನ್!" ಎಂದು ಡ್ರೈವರ್ ಅರ್ಧ ಗಡ್ಡದಲ್ಲೇ ಕುಪ್ಪಳಿಸಿದ. ಮೇಷ್ಟ್ರು ಅವನ ತೋಳು ಹಿಡಿದು ಕೂರಿಸಿದರು.

ಮಗಳು ಅಳುತ್ತಾ ನಗುತ್ತಾ ಹೇಳಿದಳು: "ಡ್ರ್ಯಾಗನ್ ಬಾಯಿ ಬಹಳ ಉದ್ದ ಅಪ್ಪಾ. ಬರೆದುಕೊಟ್ಟ ಮಾತು ಮುಗಿದುಹೋಯ್ತು, ಅದರ ಬಾಯಿ ಮಾತ್ರ ಇನ್ನೂ ಅಲ್ಲಾಡ್ತಾನೇ ಇತ್ತು. ಏನು ಹೇಳಬೇಕು ಗೊತ್ತಾಗ್ಲಿಲ್ಲ. ನೀನು ಬಾಯಿಗೆ ಬಂದೆ."

ಭಾವ ತಲೆಯಾಡಿಸಿದರು. ತಲೆಯಾಡಿಸಿದ್ದು ಫೋನಿನಲ್ಲಿ ಕಾಣುವುದಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ.

"ಕನ್ನಡಿ ಮೇಲೆ ಏನು ಬರೆದಿದ್ದೀಯ?" ಎಂದು ಅವಳು ಕೇಳಿದಳು, ತುಸು ಬಿಗಿಯಾಗಿ.

"ಇನ್ನೂ ಇಲ್ಲ."

"ಬರಿ. ಮುಲಾಜಿಲ್ಲದೆ ಬರಿ."

ಭಾವ ಸಾಬೂನಿನ ತುಂಡು ತೆಗೆದುಕೊಂಡು, ಸ್ಟೂಲ್ ಹತ್ತಿದರು. ಮೊದಲ ಸಾಲು ನೋಡಿ ಅಕ್ಕ ಹಣೆ ಚಚ್ಚಿಕೊಂಡಳು. ಇಂಥ ಹೊತ್ತಿನಲ್ಲೂ ಈ ಮನುಷ್ಯ! ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದರು, ಮೊದಲನೆಯದಕ್ಕಿಂತ ದೊಡ್ಡ ಅಕ್ಷರಗಳಲ್ಲಿ, ಮುಖ ನೋಡಿಕೊಳ್ಳಲು ಕನ್ನಡಿಯಲ್ಲಿ ಜಾಗವೇ ಉಳಿಯದ ಹಾಗೆ.

"ಏನು ಬರೆದ್ರು? ಮಾವಾ, ಇದ್ದೀಯಾ? ಓದು," ಎಂದಳು.

ನಾನು ಓದಿದೆ: "ಉದ್ದ ಜಾಸ್ತಿ. ಡ್ರ್ಯಾಗನ್ ನನ್ನ ಮಗಳು."

ಫೋನಿನೊಳಗೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಅವಳು, "ಬರೋ ಭಾನುವಾರ ಬರ್ತೀನಿ. ಅಲ್ಲಿವರೆಗೆ ಯಾರೂ ಅಳಿಸ್ಬೇಡಿ," ಎಂದಳು.